ಇಲ್ಲದ ಮನೆಯ ಬೆಕ್ಕು

ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಊರೆಲ್ಲ ಹುಡುಕಿದರೆ ಮೊಮ್ಮಕ್ಕಳು ನಗುತ್ತಾರೆ, ಹಿರಿಯರೂ ನಗುತ್ತಾರೆ. ಆದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಾದ ದಿನ ಯಾರೂ ನಗುವುದಿಲ್ಲ. ಸೊಸೆ ಮಾತಿಲ್ಲದೆ ಪಾತ್ರೆಯನ್ನು ತಿಕ್ಕುತ್ತಾಳೆ. ಅಂದಿನಿಂದ ಹಿರಿಯರು ಅಡಿಗೆಮನೆಗೆ ಕಾಲಿಟ್ಟರೆ ಯಾರಾದರೊಬ್ಬರು ಹಿಂದೆ ಬಂದು ನಿಲ್ಲುತ್ತಾರೆ. ಮರೆವಿಗಿಂತ ಆ ಕಾವಲೇ ಅವರಿಗೆ ಹೆಚ್ಚಿನ ನೋವು.

ವೈದ್ಯರೆದುರು ಕುಳಿತಾಗಿನ ಕಥೆಯೇ ಬೇರೆ. ವೈದ್ಯರು ನಾಲ್ಕು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ಹಿರಿಯರು ತಪ್ಪಿಲ್ಲದೆ ಒಪ್ಪಿಸಿಬಿಡಬಹುದು. ಬಾಲ್ಯದ ಪದ್ಯಗಳಂತೂ ನಾಲಿಗೆಯ ತುದಿಯಲ್ಲಿಯೇ ಇವೆ. ಹಾಗಾದರೆ ಹಾಲೇಕೆ ಉಕ್ಕಿತು?

ನೆನಪಿನಲ್ಲಿ ಎರಡು ಬಗೆ. ಆದುದನ್ನು ನೆನೆಯುವುದು ಒಂದು. ಆಗಬೇಕಾದುದನ್ನು ಹೊತ್ತಿಗೆ ಸರಿಯಾಗಿ ನೆನೆಯುವುದು ಇನ್ನೊಂದು. ಮೊದಲನೆಯದಕ್ಕೆ ಪ್ರಶ್ನೆ ಕೇಳುವವರಿರುತ್ತಾರೆ. ಎರಡನೆಯದರಲ್ಲಿ ಮನುಷ್ಯ ತನಗೆ ತಾನೇ ಎಚ್ಚರಿಕೆ ಹೇಳಿಕೊಳ್ಳಬೇಕು. ಸಂಸಾರ ನಡೆಯುವುದು ಬಹುಮಟ್ಟಿಗೆ ಈ ಎರಡನೆಯದರಿಂದ.

ಇದನ್ನರಿತು ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು 1985ರಲ್ಲಿ ರಿವರ್‌ಮೀಡ್ ಎಂಬ ಹೆಸರಿನ ಪರೀಕ್ಷೆಯೊಂದನ್ನು ಪ್ರಕಟಿಸಿದರು. ರೋಗಿಯ ವಸ್ತುವೊಂದನ್ನು ಬಚ್ಚಿಟ್ಟು, ಹೊರಡುವಾಗ ಅವನಾಗಿ ಕೇಳುವನೇ ಎಂದು ನೋಡುವುದು, ಗಂಟೆ ಬಾರಿಸಿದೊಡನೆ ಇಂಥ ಪ್ರಶ್ನೆ ಕೇಳೆಂದು ಹೇಳಿಡುವುದು, ಹೀಗೆ ದಿನಬಳಕೆಯ ಕೆಲಸಗಳೇ ಅದರ ಪ್ರಶ್ನೆಪತ್ರಿಕೆ.

ಪೂರ್ವ ಲಂಡನ್ ವಿಶ್ವವಿದ್ಯಾಲಯದ ಬಾರ್ಬರಾ ಬ್ರೂಕ್ಸ್, ಡೇವಿಡ್ ರೋಸ್ ಮೊದಲಾದವರು ಇನ್ನೂ ಮುಂದೆ ಹೋದರು. ವರ್ಚುಯಲ್ ರಿಯಾಲಿಟಿ ಎಂಬ ವಿದ್ಯೆಯಿಂದ ಗಣಕಯಂತ್ರದ ಪರದೆಯೊಳಗೆ ನಾಲ್ಕು ಕೋಣೆಗಳ ಮನೆಯೊಂದನ್ನು ಕಟ್ಟಿದರು. ಪಾರ್ಶ್ವವಾಯುವಿನಿಂದ ಮೆದುಳಿಗೆ ಪೆಟ್ಟು ಬಿದ್ದವರಿಗೆ ಅಲ್ಲಿ ಒಪ್ಪಿಸಿದ ಕೆಲಸ, ಮನೆ ಬದಲಾಯಿಸುವುದು! ಸಾಮಾನು ಸಾಗಿಸುತ್ತ ಮೂರು ಮಾತು ಮರೆಯಬಾರದು. ಗಾಜಿನ ಸಾಮಾನು ಕಂಡಾಗ ‘ಒಡೆಯುವ ವಸ್ತು’ ಎಂಬ ಚೀಟಿ ಹಚ್ಚಬೇಕು. ಬೆಕ್ಕು ಹೊರಗೋಡದಂತೆ ಅಡಿಗೆಮನೆಯ ಬಾಗಿಲನ್ನು ಪ್ರತಿ ಸಲವೂ ಮುಚ್ಚಬೇಕು. ಗಡಿಯಾರ ನೋಡಿಕೊಂಡು ಗೊತ್ತಾದ ಹೊತ್ತಿಗೊಮ್ಮೆ ಹೇಳಿದ ಕೆಲಸ ಮಾಡಬೇಕು.

2004ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿತ್ತು. ಅದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿದಾಗ, ರೋಗಿಗಳು ಚೀಟಿಯಲ್ಲೂ ಬಾಗಿಲಿನಲ್ಲೂ ಬಹಳ ಹಿಂದೆ ಬಿದ್ದರು. ಗಡಿಯಾರದ ಕೆಲಸದಲ್ಲಿ ಮಾತ್ರ ಸ್ವಲ್ಪವೇ. ಎಂದಮೇಲೆ ಮರೆವೆಂಬುದು ಒಂದೇ ಗುಂಡಿಯಲ್ಲ. ಒಬ್ಬೊಬ್ಬರು ಎಡವುವ ಕಲ್ಲು ಒಂದೊಂದು. ಆ ಕಲ್ಲು ಯಾವುದೆಂದು ತಿಳಿದರೆ ಚಿಕಿತ್ಸೆಗೂ ದಾರಿ ಕಂಡೀತು.

ಇಲ್ಲದ ಮನೆಯ ದೊಡ್ಡ ಗುಣವೆಂದರೆ ಅಲ್ಲಿ ತಪ್ಪಿದರೆ ಹಾನಿಯಿಲ್ಲ. ಬೆಕ್ಕು ಓಡಿಹೋದರೂ ಯಾರ ಬೆಕ್ಕೂ ಕಳೆಯದು. ಸೀದ ಪಾತ್ರೆಯನ್ನು ಯಾರೂ ತಿಕ್ಕಬೇಕಾಗಿಲ್ಲ. ಎಲ್ಲರಿಗೂ ಒಂದೇ ಮನೆ, ಒಂದೇ ಕೆಲಸವಾದ್ದರಿಂದ ಹೋಲಿಕೆಗೂ ನ್ಯಾಯವಿದೆ. ಆದರೆ ಒಂದು ಎಚ್ಚರ ಅಗತ್ಯ. ಎಪ್ಪತ್ತು ದಾಟಿದವರಿಗೆ ಯಂತ್ರವೇ ಹೊಸದು. ಕಣ್ಣಿಗೆ ಕಟ್ಟುವ ಇಂದಿನ ಉಪಕರಣಗಳಿಂದ ಕೆಲವರಿಗೆ ತಲೆ ತಿರುಗುವುದೂ ಉಂಟು. ಅವರ ಕೈಯ ತಡವರಿಕೆಯನ್ನು ನೆನಪಿನ ಲೆಕ್ಕಕ್ಕೆ ಬರೆದರೆ ಅನ್ಯಾಯವಾದೀತು.

ಮನೆಯವರಿಗೂ ಇದರಲ್ಲಿ ಒಂದು ಪಾಠವಿದೆ. ‘ಅವರಿಗೆ ಮರೆವು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಮೊದಲು, ಏನನ್ನು ಮರೆಯುತ್ತಾರೆ, ಯಾವಾಗ ಮರೆಯುತ್ತಾರೆ ಎಂದು ಗಮನಿಸಬೇಕು. ಕೆಲವರಿಗೆ ಬಾಗಿಲಿಗಂಟಿಸಿದ ಚೀಟಿ ಸಾಕು. ಕೆಲವರಿಗೆ ಹೊತ್ತಿಗೆ ಬಾರಿಸುವ ಗಡಿಯಾರ ಬೇಕು. ಬೆಕ್ಕಿಗೆ ಗಂಟೆ ಕಟ್ಟುವವರಾರೆಂದು ಇಲಿಗಳು ಚಿಂತಿಸಿದುವಂತೆ. ಇಲ್ಲಿ ಗಂಟೆ ಕಟ್ಟಬೇಕಾದುದು ಒಲೆಗೆ. ಕಟ್ಟಿದ ಮೇಲೆ, ಬೆನ್ನ ಹಿಂದೆ ನಿಂತ ಕಾವಲುಗಾರರು ಹಜಾರಕ್ಕೆ ಹೋಗಿ ಕುಳಿತುಕೊಳ್ಳಬಹುದು. ಹಿರಿಯರು ತಾವೇ ಕಾಫಿ ಕಾಸಿ ತಂದುಕೊಡುವುದನ್ನು ಕಾಯಬಹುದು.