ತೆಪ್ಪ ಹತ್ತೋ ಮುಂಚೆ ಮೂರು ಪ್ರಶ್ನೆ

ಕನಕಪುರದಿಂದ ಸಾತನೂರು ದಾಟಿ ಮುಂದೆ ಹೋದರೆ ಸಂಗಮ. ಅರ್ಕಾವತಿ ಕಾವೇರಿಗೆ ಸೇರೋ ಜಾಗ. ಮೇಕೆದಾಟು ಇಲ್ಲಿಂದ ಸುಮಾರು 4 ಕಿ.ಮೀ. ನೀರಿದ್ದಾಗ ಅರ್ಕಾವತಿಯನ್ನು ತೆಪ್ಪದಲ್ಲಿ ದಾಟೋದೇ ಒಂದು ಖುಷಿ. ಮೊದಲ ಸಲ ಹತ್ತೋರಿಗೆ ಮಾತ್ರ ಕ್ರೂಸ್‌ಗೆ ಹೊರಟವರಷ್ಟೇ ಅಳುಕು.

ಮಗುಚಿದರೆ? ತೆಪ್ಪದ ತಳ ಅಗಲ, ಚಪ್ಪಟೆ. ಸುತ್ತಲೂ ಸಮವಾಗಿ ಕೂತರೆ ಸುಲಭಕ್ಕೆ ಮಗುಚಲ್ಲ. ಸೆಲ್ಫಿಗೆ ಅಂತ ಎಲ್ಲರೂ ಒಂದೇ ಕಡೆ ವಾಲಿದರೆ ಅಪಾಯ.

ತಲೆ ಸುತ್ತಿದರೆ? ದುಂಡಗಿರೋದರಿಂದ ಅದು ತಿರುಗುತ್ತೆ. ದೂರದ ದಡ ನೋಡ್ತಾ ಕೂರಿ. ‘ಅಣ್ಣಾ, ಬುಗುರಿ ಆಡಿಸಬೇಡಿ’ ಅಂತ ಮೊದಲೇ ಹೇಳಿಬಿಡಿ.

ಈಜು ಬರಲ್ವಲ್ಲ? ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಇಲ್ಲ ಅಂದ್ರೆ ಹತ್ತಬೇಡಿ. ನಿಜ ಹೇಳಬೇಕಂದ್ರೆ ಇಲ್ಲಿ ಭಯಪಡಬೇಕಾದ್ದು ಈಜು ಬರುತ್ತೆ ಅಂತ ನೀರಿಗಿಳಿಯೋರ ಬಗ್ಗೆ. ಮೇಲೆ ಶಾಂತವಾಗಿ ಕಾಣೋ ನೀರಿನಡಿ ಬಂಡೆಯ ಗುಂಡಿಗಳಿವೆ, ಸೆಳೆತವಿದೆ. ಮೇಲ್ಭಾಗದಲ್ಲಿ ಮಳೆಯಾದರೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತೆ. ಮೇಕೆದಾಟಿನಲ್ಲಂತೂ ಕಾವೇರಿ ಕಿರಿದಾದ ಕಂದಕದಲ್ಲಿ ನುಗ್ಗುತ್ತಾಳೆ. ಅಂಚಿನ ಬಂಡೆ ನೀರು ಉಜ್ಜಿ ನುಣುಪಾಗಿದೆ, ಕಾಲು ಜಾರುತ್ತೆ.

ತೆಪ್ಪದವರು ‘ಇವತ್ತು ಬೇಡ’ ಅಂದರೆ ವಾದ ಮಾಡಬೇಡಿ. ಹೊಳೆ ಅವರಿಗೆ ಗೊತ್ತು. ದಡದಲ್ಲೇ ಬುತ್ತಿ ಬಿಚ್ಚಿ. ಮೇಕೆದಾಟು ಮುಂದಿನ ಸಲಕ್ಕೂ ಇರುತ್ತೆ.