ಕೈವಾರದ ಆಕಾಶರೇಖೆ

ನದಿಯ ದಡದ ಪಾನಗೃಹದಲ್ಲಿ ಕುಳಿತು, ಎದುರಿನ ಮಹಾನಗರದ ಸೌಧಗಳು ಬಾನಿನಲ್ಲಿ ಬರೆದ ಗೆರೆಯನ್ನು ಛಾಯಾಚಿತ್ರದಲ್ಲಿ ಹಿಡಿಯುವುದು ಪರದೇಶದ ಯಾತ್ರಿಕರಿಗೆ ಒಂದು ವಿನೋದ. ಥೇಮ್ಸ್ ತೀರದಿಂದ ಲಂಡನ್ನನ್ನೂ ಹಡ್ಸನ್ ತೀರದಿಂದ ನ್ಯೂಯಾರ್ಕನ್ನೂ ಹೀಗೆ ಹಿಡಿದು ತಂದವರು ಎಷ್ಟೋ ಮಂದಿ. ನಮ್ಮ ಚಿಂತಾಮಣಿ ಸೀಮೆಯವರಿಗೆ ಆ ಭಾಗ್ಯವಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳೆರಡೂ ವರ್ಷದ ಬಹುಭಾಗ ಮರಳಾಗಿಯೇ ಮಲಗಿರುವುವು, ಮಹಾನಗರವಂತೂ ಇಲ್ಲ, ಪಾನಗೃಹದ ಮಾತನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎತ್ತದಿರುವುದೇ ಲೇಸು. ಆದರೂ ಕಳೆದ ಮಾಘದಲ್ಲಿ ನಾವು ಕ್ಯಾಮೆರಾ ಹಿಡಿದು ಕೈವಾರಕ್ಕೆ ಹೋದೆವು.

ಕಾರಣವಿದ್ದಿತು. ನಮ್ಮ ತಾಯಿಯವರ ತವರಿನ ಹಳ್ಳಿಯ ಬೆನ್ನಿಗೆ ಒಂದು ಗುಡ್ಡವಿದ್ದಿತು. ಕಲ್ಲುಗಣಿಯವರು ಅದನ್ನು ವರ್ಷ ವರ್ಷವೂ ಸಿಡಿಸಿ, ಜಲ್ಲಿ ಮಾಡಿ, ಲಾರಿಗಳಲ್ಲಿ ಸಾಗಿಸಿಬಿಟ್ಟರು. ಈಗ ಅಲ್ಲಿರುವುದು ಹೊಂಡ. ಗಣಿಗಳು ತಿನ್ನುವುದು ಗುಡ್ಡಗಳನ್ನಷ್ಟೇ ಅಲ್ಲ. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು 6 ಮಂದಿ ಸತ್ತರು. ಮನೆಯ ಮದುವೆ ಮುಂಜಿಗಳ ಚಿತ್ರಗಳನ್ನೆಲ್ಲ ತಿರುವಿ ಹಾಕಿದೆವು. ಗುಡ್ಡದ ಚಿತ್ರ ಒಂದೂ ಸಿಕ್ಕಲಿಲ್ಲ. ನಿತ್ಯವೂ ಕಣ್ಣೆದುರಿಗಿರುವುದರ ಚಿತ್ರವನ್ನು ಯಾರು ತೆಗೆಸುತ್ತಾರೆ? "ಹೋಗಲಿ, ಕೈವಾರದ ಬೆಟ್ಟವನ್ನಾದರೂ ತೆಗೆದಿಡಿ" ಎಂದರು ತಾಯಿಯವರು. ಮೊಣಕಾಲಿನ ನೋವಿನಿಂದ ಅವರು ಜೊತೆಗೆ ಬರುವಂತಿರಲಿಲ್ಲ.

ಕೈವಾರಕ್ಕೆ ಏಕಚಕ್ರಪುರವೆಂಬ ಹಳೆಯ ಹೆಸರು ಹೇಳುವರು. ಭೀಮಸೇನನು ಬಕಾಸುರನನ್ನು ಕೊಂದುದು ಇಲ್ಲಿಯೇ ಎಂದು ಸ್ಥಳಪುರಾಣ. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಗವಿಯಲ್ಲಿ ತಪಸ್ಸು ಮಾಡಿ, ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿ, ಜನರ ಬಾಯಲ್ಲಿ ತಾತಯ್ಯನವರಾದುದೂ ಈ ಊರಿನಲ್ಲಿಯೇ. ಅಮರನಾರಾಯಣನ ದರ್ಶನ ಮಾಡಿಕೊಂಡು, ಊರ ಹೊರಗಿನ ಒಂದು ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತೆವು. ಎದುರಿಗೆ ಬೆಟ್ಟ: ಬಂಡೆಯ ಮೇಲೆ ಬಂಡೆ. ಈ ಸೀಮೆಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುವರು. ಲಂಡನ್ನಿನ ಗೆರೆಯನ್ನು ಮನುಷ್ಯರು ತಲೆಮಾರಿಗೊಮ್ಮೆ ತಿದ್ದುವರು. ಇಲ್ಲಿಯದನ್ನು ಮಳೆ ಗಾಳಿಗಳು ಎಷ್ಟು ಕಾಲ ತಿದ್ದಿದುವೋ!

ಮೊದಲ ಚಿತ್ರಗಳು ಕೆಟ್ಟುವು. ಬೆಟ್ಟಕ್ಕೆ ಬೆಳಕನ್ನು ಅಳೆದರೆ ಆಕಾಶವು ಸುಣ್ಣ ಬಳಿದಂತಾಗುವುದು. ಆಕಾಶಕ್ಕೆ ಅಳೆದರೆ ಬೆಟ್ಟ ಮಸಿಯಾಗುವುದು. ಸಾಲದುದಕ್ಕೆ ವಿದ್ಯುತ್ ತಂತಿಗಳು ಅಡ್ಡ. ಹೋಟೆಲಿನ ಯಜಮಾನರು ನಮ್ಮ ಪೇಚಾಟವನ್ನು ನೋಡಿ, "ಸ್ವಾಮಿ, ಹೊತ್ತು ಮುಳುಗಲಿ. ಆಮೇಲೆ ಹಿತ್ತಲಿಗೆ ಬನ್ನಿ, ಅಲ್ಲಿ ತಂತಿಯಿಲ್ಲ" ಎಂದರು. ಎರಡನೆಯ ಕಾಫಿ ತರಿಸಿಕೊಂಡು ಕಾದೆವು. ಸೂರ್ಯನು ಮುಳುಗಿ ಸ್ವಲ್ಪ ಹೊತ್ತಿಗೆ, ಬಾನಿನಲ್ಲಿ ಇನ್ನೂ ಕೆಂಪಿರುವಾಗಲೇ, ಊರಿನ ದೀಪಗಳು ಒಂದೊಂದಾಗಿ ಹತ್ತಿದುವು. ಬೆಟ್ಟ ಮಸಿಯಾದರೆ ಆಗಲಿ ಎಂದು ಆಕಾಶಕ್ಕೇ ಅಳೆದೆವು. ನಮಗೆ ಬೇಕಾದುದು ಗೆರೆಯಲ್ಲವೆ! ಕ್ಯಾಮೆರಾವನ್ನು ಒಗೆಯುವ ಕಲ್ಲಿನ ಮೇಲೆ ಅಲುಗದಂತೆ ಇರಿಸಿ ತೆಗೆದುದು ಚೆನ್ನಾಗಿ ಬಂದಿತು.

ಅಚ್ಚುಹಾಕಿಸಿದ ಪಟವನ್ನು ತಾಯಿಯವರು ಕಿಟಕಿಯ ಬಳಿಗೆ ಒಯ್ದು, ಬೆಟ್ಟದ ಗೆರೆಯ ಮೇಲೆ ಬೆರಳಾಡಿಸುತ್ತ ಬಂದರು. ಬೆಟ್ಟ ಮುಗಿದು ಎಡಗಡೆಯ ಬರಿಯ ಆಕಾಶ ಬಂದಲ್ಲಿಯೂ ಬೆರಳು ನಿಲ್ಲಲಿಲ್ಲ. ಸ್ವಲ್ಪ ಏರಿತು, ಒಂದು ಕಡೆ ಗೂನಾಯಿತು, ಇಳಿಯಿತು.

"ಇಲ್ಲಿ ಕಾಣುತ್ತಿತ್ತು, ನಮ್ಮದು" ಎಂದರು.

ಚೌಕಟ್ಟು ಹಾಕಿಸುವಾಗ ಆ ಬದಿಯನ್ನು ಕತ್ತರಿಸಬೇಕೆಂದಿದ್ದೆವು. ಹಾಗೆಯೇ ಬಿಟ್ಟೆವು.