ಎರಡನೆಯ ಸಂಚಿಕೆ

ಹಳೆಯ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕುವುದು ನಮ್ಮ ಮನೆಯಲ್ಲಿ ಹಿರಿಯರಿಂದ ನಡೆದುಬಂದ ಪದ್ಧತಿ. ಈ ಬೇಸಗೆಯಲ್ಲಿ ಹಾಗೆ ಹರಡಿದಾಗ, ನಮ್ಮ ಬಾಲ್ಯದ ಇಂದ್ರಜಾಲ ಕಾಮಿಕ್ಸ್ ಪುಸ್ತಕಗಳು ನಾಲ್ಕಾರು ಹೊರಬಿದ್ದವು. ೧೯೬೪ರಲ್ಲಿ ಆರಂಭವಾಗಿ, ಮುಂದೆ ಕನ್ನಡದಲ್ಲಿಯೂ ಹೊರಟ ಆ ಚಿತ್ರಕಥೆಗಳು ನಮ್ಮಂಥ ಹುಡುಗರ ರಜೆಯ ಮಧ್ಯಾಹ್ನಗಳನ್ನೆಲ್ಲ ನುಂಗಿದುದನ್ನು ಹಿರಿಯ ವಾಚಕರು ಮರೆತಿರಲಾರರು. ಎಂಟು ವರ್ಷದ ನಮ್ಮ ಮೊಮ್ಮಗಳು ಅವುಗಳಲ್ಲಿ ಮಾಂತ್ರಿಕ ಮಾಂಡ್ರೇಕನ ಕಥೆಯೊಂದನ್ನು ಎತ್ತಿಕೊಂಡು ಜಗಲಿಯ ಮೇಲೆ ಕುಳಿತಳು.

"ಅಜ್ಜ, ಈ ಕಪ್ಪು ಮಾಮ ಯಾರು?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಅವನು ಲೋಥಾರ್. ಮಹಾ ಬಲಶಾಲಿ. ಆಫ್ರಿಕದ ಏಳು ನಾಡುಗಳಿಗೆ ರಾಜಕುಮಾರ."

"ರಾಜಕುಮಾರನಾದರೆ ಯಾವಾಗಲೂ ಯಾಕೆ ಹಿಂದೆ ನಿಂತಿರುತ್ತಾನೆ?"

ನಮಗೆ ಉತ್ತರ ಹೊಳೆಯಲಿಲ್ಲ. ೧೯೩೪ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಂಡಾಗ ಈ ಲೋಥಾರನು ಚಿರತೆಯ ತೊಗಲುಟ್ಟು, ಮುರುಕು ಮಾತನಾಡುತ್ತ, ಸೇವಕನಾಗಿ ನಡೆದವನು. ಮುಂದೆ ಅವನ ಉಡುಪು ಬದಲಾಯಿತು, ಮಾತು ತಿದ್ದಿತು. ನಿಲ್ಲುವ ಜಾಗ ಮಾತ್ರ ಬಹುಮಟ್ಟಿಗೆ ಅದೇ ಆಗಿ ಉಳಿಯಿತು. ನಾವು ಅದನ್ನು ಸೂರ್ಯೋದಯದಷ್ಟು ಸಹಜವೆಂದು ಓದಿಕೊಂಡು ಬಂದಿದ್ದೆವು. ಮಗುವಿನ ಪ್ರಶ್ನೆ ಇಷ್ಟು ವರ್ಷ ನಮ್ಮ ಮನಸ್ಸಿಗೆ ಬಾರದಿದ್ದುದಕ್ಕೆ ನಾಚಿಕೆಯಾಯಿತು. ಕಪ್ಪು ಜನಾಂಗದವರು ತಮ್ಮ ಕಥೆಯನ್ನು ತಾವೇ ಬರೆದು, ತಾವೇ ಚಿತ್ರಿಸಿದ ಪುಸ್ತಕ ಆ ಕಾಲದಲ್ಲಿ ಇರಲಿಲ್ಲವೇ ಎಂದು ಹುಡುಕತೊಡಗಿದೆವು. ಇತ್ತು, ಒಂದೇ ಒಂದು ಸಂಚಿಕೆ.

ಅದನ್ನು ಹೊರತಂದ ಮಹನೀಯರ ಹೆಸರು ಆರಿನ್ ಎವಾನ್ಸ್. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬಿಳಿಯರ ಒಡೆತನದ 'ರೆಕಾರ್ಡ್' ಎಂಬ ದಿನಪತ್ರಿಕೆಯಲ್ಲಿ ಸುದ್ದಿಗಾರರಾಗಿದ್ದ ಕಪ್ಪು ಜನಾಂಗದ ಪತ್ರಕರ್ತರು. ೧೯೪೭ರಲ್ಲಿ ಆ ಪತ್ರಿಕೆ ನಿಂತುಹೋಗಲು, ಅವರು ಕೆಲವರು ಹಳೆಯ ಸಹೋದ್ಯೋಗಿಗಳನ್ನು ಕೂಡಿಕೊಂಡು ಚಿತ್ರಕಥೆಯ ಪುಸ್ತಕವೊಂದನ್ನು ಪ್ರಕಟಿಸಲು ಉದ್ಯುಕ್ತರಾದರು. ಅದೇ ವರ್ಷದ ಜೂನ್ ತಿಂಗಳ ಹೆಸರಿನಲ್ಲಿ 'ಆಲ್-ನೀಗ್ರೋ ಕಾಮಿಕ್ಸ್' ಹೊರಬಂದಿತು. ಇಂದು ಸಲ್ಲದ ಆ ಪದವು ಅಂದು ಆ ಜನರೇ ಗೌರವದಿಂದ ಬಳಸುತ್ತಿದ್ದುದು. ೪೮ ಪುಟ, ಬೇರೆ ಚಿತ್ರಕಥೆಗಳಿಗೆ ೧೦ ಸೆಂಟ್ ಬೆಲೆಯಿದ್ದಾಗ ಇದಕ್ಕೆ ೧೫ ಸೆಂಟ್. ಚಿತ್ರ ಬರೆದವರೆಲ್ಲರೂ ಕಪ್ಪು ಜನಾಂಗದ ಕಲಾವಿದರು.

ಅದರಲ್ಲಿ ಏಸ್ ಹಾರ್ಲೆಮ್ ಎಂಬ ಪತ್ತೇದಾರನಿದ್ದಾನೆ. ಪುಟ್ಟ ಮಕ್ಕಳಿಗೆಂದು ಬರೆದ ಕಥೆಯೂ ಇದೆ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಎವಾನ್ಸರ ಸೋದರ ಜಾರ್ಜ್ ಚಿತ್ರಿಸಿದ 'ಲಯನ್ ಮ್ಯಾನ್'. ಇವನು ಅಮೆರಿಕದಲ್ಲಿ ಹುಟ್ಟಿ, ಕಾಲೇಜಿನಲ್ಲಿ ಕಲಿತ ತರುಣ ವಿಜ್ಞಾನಿ. ಆಫ್ರಿಕದ ಗೋಲ್ಡ್ ಕೋಸ್ಟ್ ಪ್ರಾಂತದ ಒಂದು ಮಾಯಾಪರ್ವತದ ಗರ್ಭದಲ್ಲಿ ಜಗತ್ತಿನ ಅತಿ ದೊಡ್ಡ ಯುರೇನಿಯಂ ನಿಕ್ಷೇಪವಿದೆ. ಪ್ರಪಂಚವನ್ನೇ ಸುಡಬಲ್ಲ ಅಣುಬಾಂಬಿಗೆ ಅದು ಸಾಕು. ದುಷ್ಟರ ಕೈಗೆ ಅದು ಬೀಳದಂತೆ ಕಾಯಲು ವಿಶ್ವಸಂಸ್ಥೆಯು ಈತನನ್ನು ಕಳುಹಿಸಿದೆ. ಇವನ ಮೈಮೇಲೂ ಕಾಡಿನ ಉಡುಪೇ ಇರುವುದು ನಿಜ. ಆದರೆ ಇವನು ಯಾರ ಹಿಂದೆಯೂ ನಿಲ್ಲುವವನಲ್ಲ. ಬಬ್ಬಾ ಎಂಬ ತುಂಟ ಅನಾಥ ಬಾಲಕ ಇವನ ಬೆನ್ನಿಗಿದ್ದಾನೆ.

ವಾಚಕರು ಆ ಕಾಲವನ್ನು ನೆನೆದುಕೊಳ್ಳಬೇಕು. ಹಿರೋಷಿಮಾದ ಮೇಲೆ ಬಾಂಬು ಬಿದ್ದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಗೋಲ್ಡ್ ಕೋಸ್ಟ್ ಆಂಗ್ಲರ ಅಧೀನದಲ್ಲಿತ್ತು. ಅದು ಘಾನಾ ಎಂಬ ಸ್ವತಂತ್ರ ದೇಶವಾದುದು ೧೯೫೭ರಲ್ಲಿ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಕಪ್ಪು ಮಕ್ಕಳಿಗೆ ಶಾಲೆಯೇ ಬೇರೆ, ಬಸ್ಸಿನಲ್ಲಿ ಸ್ಥಳವೇ ಬೇರೆ. ಅಂಥಲ್ಲಿ ಲೋಕದ ಅಳಿವು ಉಳಿವುಗಳ ಬೀಗದ ಕೈಯನ್ನು ಒಬ್ಬ ಕಪ್ಪು ವಿಜ್ಞಾನಿಯ ಕೈಯಲ್ಲಿರಿಸಿದುದು ಸಾಮಾನ್ಯ ಕಲ್ಪನೆಯಲ್ಲ.

ಎರಡನೆಯ ಸಂಚಿಕೆಯೂ ಸಿದ್ಧವಾಯಿತು. ಆದರೆ ಅಚ್ಚಿಗೆ ಬೇಕಾದ ಕಾಗದವನ್ನು ಮಾರಲು ವ್ಯಾಪಾರಿಗಳು ಒಪ್ಪಲಿಲ್ಲ. ದೊಡ್ಡ ಪ್ರಕಾಶಕರೂ ಹಂಚಿಕೆದಾರರೂ ತಡೆದಿರಬೇಕೆಂದು ಊಹಿಸಿದವರುಂಟು. ಯಾವ ನ್ಯಾಯಾಲಯವೂ ಪುಸ್ತಕವನ್ನು ನಿಷೇಧಿಸಲಿಲ್ಲ, ಯಾರೂ ಸುಡಲಿಲ್ಲ. ಕಾಗದ ದೊರೆಯಲಿಲ್ಲ, ಅಷ್ಟೆ. ಎವಾನ್ಸರು ಮತ್ತೆ ಪತ್ರಿಕಾವೃತ್ತಿಗೆ ಮರಳಿ, ೧೯೭೧ರಲ್ಲಿ ತೀರಿಕೊಂಡರು.

ಕೆಲವು ವರ್ಷಗಳ ಮೇಲೆ ಇನ್ನೊಂದು ಪ್ರಸಂಗ ನಡೆಯಿತು. ೧೯೫೩ರಲ್ಲಿ ಇ.ಸಿ. ಎಂಬ ಪ್ರಕಾಶನದವರು 'ಜಡ್ಜ್‌ಮೆಂಟ್ ಡೇ' ಎಂಬ ವಿಜ್ಞಾನಕಥೆಯನ್ನು ಅಚ್ಚುಮಾಡಿದರು. ಬರೆದವರು ಕಪ್ಪು ಜನಾಂಗದವರಲ್ಲ. ಯಂತ್ರಮಾನವರ ಗ್ರಹವೊಂದಕ್ಕೆ ಭೂಮಿಯಿಂದ ಪರೀಕ್ಷಕನೊಬ್ಬ ಹೋಗುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದ ಯಂತ್ರಗಳು ನೀಲಿಯವನ್ನು ಕೀಳಾಗಿ ಕಾಣುತ್ತವೆ; ಹೊದಿಕೆಯ ಹೊರತು ಎರಡರಲ್ಲಿ ಭೇದವಿಲ್ಲ. ನೀವಿನ್ನೂ ಯೋಗ್ಯರಾಗಿಲ್ಲವೆಂದು ತಿಳಿಸಿ ಹಿಂತಿರುಗುವ ಆತ, ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣವನ್ನು ತೆಗೆದಾಗ, ಕಪ್ಪು ಮನುಷ್ಯ. ೧೯೫೬ರಲ್ಲಿ ಮರುಮುದ್ರಿಸಹೊರಟಾಗ, ಚಿತ್ರಕಥೆಗಳ ನೀತಿಯನ್ನು ಪರಿಶೀಲಿಸುತ್ತಿದ್ದ ಅಧಿಕಾರಿಯು ಆ ಮುಖದ ಬಣ್ಣವನ್ನು ಬದಲಾಯಿಸಬೇಕೆಂದನು. ಪ್ರಕಾಶಕರು ಒಪ್ಪದೆ, ಇದ್ದಂತೆಯೇ ಅಚ್ಚುಹಾಕಿದರು. ಆ ಸಂಸ್ಥೆಯ ಚಿತ್ರಕಥಾ ಪುಸ್ತಕಗಳಲ್ಲಿ ಅದೇ ಕಡೆಯದಾಯಿತು.

ಗತಕಾಲವನ್ನು ಕಸಿದುಕೊಳ್ಳುವವರನ್ನು ಚರಿತ್ರೆಯಲ್ಲಿ ಓದಿದ್ದೇವೆ. ಮುಂಬರುವ ಕಾಲವನ್ನೂ ಹೀಗೆ, ಕಾಗದದ ಅಂಗಡಿಯಲ್ಲಿ, ಬಣ್ಣದ ಕುಂಚದ ತುದಿಯಲ್ಲಿ, ಮಕ್ಕಳಿಂದ ಕಸಿಯಬಹುದೆಂಬುದು ನಮಗೆ ಹೊಸದಾಗಿ ತಿಳಿದ ಸಂಗತಿ. ಮನೆಯ ಮಕ್ಕಳ ಕೈಗೆ ಪುಸ್ತಕ ಕೊಡುವ ನಾವೆಲ್ಲರೂ, ಕಥೆಯಲ್ಲಿ ಯಾರು ಮುಂದೆ, ಯಾರು ಹಿಂದೆ ನಿಂತಿದ್ದಾರೆಂದು ಒಮ್ಮೆ ನೋಡಿ ಕೊಡುವುದು ಒಳ್ಳೆಯದು.

ಎವಾನ್ಸರ ಪುಸ್ತಕವು ೭೫ ವರ್ಷ ತುಂಬಿದ ನೆನಪಿಗೆ ಈಚೆಗೆ ಮರುಮುದ್ರಣವಾಗಿದೆ. ನಾವು ಲಯನ್ ಮ್ಯಾನನ ಹಾಳೆಗಳನ್ನು ಅಚ್ಚುಮಾಡಿಸಿ ತಂದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದೆವು. ಕಥೆ ಮುಗಿಯಿತು.

"ಮುಂದಿನದು ಎಲ್ಲಿ ಅಜ್ಜ?"

"ಅಚ್ಚಾಗಲಿಲ್ಲ, ಮಗು. ಅವರಿಗೆ ಯಾರೂ ಕಾಗದ ಕೊಡಲಿಲ್ಲ."

ಅವಳು ಜಗಲಿಯಲ್ಲಿ ಇನ್ನೂ ಹರಡಿಯೇ ಇದ್ದ ಪುಸ್ತಕಗಳನ್ನು ನೋಡಿದಳು. "ಇಷ್ಟೊಂದು ಕಾಗದ ಇತ್ತಲ್ಲ!" ಎಂದಳು.

ಸಂಜೆ ಪುಸ್ತಕಗಳನ್ನು ಮತ್ತೆ ತುಂಬಿದೆವು. ಮಾಂಡ್ರೇಕನನ್ನು ಎಸೆಯಲು ಮನಸ್ಸಾಗಲಿಲ್ಲ. ಲಯನ್ ಮ್ಯಾನನ ಹಾಳೆಗಳನ್ನು ದಾರದಿಂದ ಹೊಲಿದು, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇರಿಸಿದ್ದೇವೆ.